ಅಡಗಿ ಕೂರುವ ಬೆಕ್ಕಿಗೆ ಮನೆ

ನೀರ್ಚಾಲಿನವರೇ, ಪ್ರಾಣಿಗಳ ಆಶ್ರಯಧಾಮದಲ್ಲಿರುವ ನಾಲ್ಕು ವರ್ಷದ ಹೆಣ್ಣು ಬೆಕ್ಕು ಯಾರು ಬಂದರೂ ಅಡಗುತ್ತದೆ, ಎಲ್ಲರೂ ಮರಿಗಳನ್ನೇ ಒಯ್ಯುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಅದನ್ನು ಗೂಡಿನಿಂದ ತೆಗೆದು ಯಾರದಾದರೂ ಮನೆಯ ಒಂದು ಕೋಣೆಯಲ್ಲಿ ಕೆಲವು ವಾರ ಇಡಿಸಿ. ಪಕ್ಕದಲ್ಲಿ ನಾಯಿ ಬೊಗಳುತ್ತಿದ್ದರೆ ಬೆಕ್ಕಿನ ನಿಜವಾದ ಗುಣ ಗೊತ್ತಾಗುವುದಾದರೂ ಹೇಗೆ?

ನಮ್ಮ ಬದಿಯಡ್ಕದ ಮನೆಗೆ ಬಂದದ್ದೂ ಇಂಥದ್ದೇ. ಹನ್ನೊಂದು ದಿನ ಅಡಕೆ ಗೋಣಿಯ ಹಿಂದೆಯೇ ವಾಸ. ನಾನು ಸುಮ್ನೆ ನೆಲದಲ್ಲಿ ಕೂತು ಪೇಪರ್ ಓದುತ್ತಿದ್ದೆ, ಅತ್ತ ನೋಡುತ್ತಲೇ ಇರಲಿಲ್ಲ. ಹನ್ನೆರಡನೇ ದಿನ ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನು ಇಟ್ಟೆ. ಮೊದಲು ಮೀಸೆ ಬಂತು, ಆಮೇಲೆ ಮೂಗು. ನಾನು ನಿಧಾನಕ್ಕೆ ಕಣ್ಣು ಮುಚ್ಚಿ ತೆರೆದೆ. ಅದೂ ಹಾಗೇ ಮಾಡಿತು!

ಬೆಕ್ಕಿಗೆ ಮನೆ ಬೇಕು ಎಂಬ ಪೋಸ್ಟನ್ನು ಮಲಯಾಳದಲ್ಲೂ ಹಾಕಿ, ನಮ್ಮ ಕಾಸರಗೋಡಲ್ಲಿ ಅದು ಜಾಸ್ತಿ ಜನರಿಗೆ ಮುಟ್ಟುತ್ತದೆ ಅಲ್ವಾ. ಬೆಕ್ಕಿನ ನಾಚಿಕೆಯನ್ನು ಮುಚ್ಚಿಡಬೇಡಿ. ಸಂತಾನಹರಣ, ರೇಬೀಸ್ ಲಸಿಕೆ ಆಗಿದ್ದರೆ ಬರೆಯಿರಿ. ಸಣ್ಣ ಮಕ್ಕಳ ಗಲಾಟೆ ಇಲ್ಲದ ಮನೆ ಒಳ್ಳೆಯದು. "ಇಲಿ ಹಿಡಿಯಲು ಬೇಕು, ತೋಟದಲ್ಲಿ ಬಿಡುತ್ತೇವೆ" ಎನ್ನುವವರಿಗೆ ಮಾತ್ರ ಕೊಡಬೇಡಿ, ಮೊದಲ ದಿನವೇ ಓಡಿಹೋದೀತು. ಮೂರು ನಾಲ್ಕು ವಾರ ಒಳಗೇ ಇರಬೇಕು. ಹಂಚಿನ ಮನೆಯಾದರೆ ಮಾಡಿನ ಸಂದನ್ನೂ ನೋಡಿಕೊಳ್ಳಲಿ, ನಮ್ಮದು ಅಲ್ಲಿಂದಲೇ ಒಮ್ಮೆ ನುಸುಳಿತ್ತು.

ಒಂದು ಫೋಟೋ ಹಾಕಿ. ಕುಂಬಳೆಯಲ್ಲಿ ಚಿಕ್ಕಮ್ಮ ಒಬ್ಬರೇ ಇದ್ದಾರೆ, ಕೇಳಿ ನೋಡುತ್ತೇನೆ.