ಹಳೆಯ ಹಂಚಿನ ಮನೆಯ ಹಜಾರ, ಜಗಲಿ, ಅಂಗಳಗಳನ್ನು ಮದುವೆಗೆ ಮುಂಚೆ ಹೊಸದಾಗಿಸಬೇಕು: ವಾಲ್‌ಪೇಪರ್ ಒಳ್ಳೆಯದೋ, ಟೆಕ್ಸ್ಚರ್ ಪೇಂಟೋ?

"ಗೋಡೆಯ ಕೆಳಭಾಗದಲ್ಲಿ ಸ್ವಲ್ಪ ಕಲೆ ಇದೆ, ಅದೂ ಮುಚ್ಚಿಹೋಗಬೇಕು" ಎಂದು ಪ್ರಶ್ನೆಯ ಕೊನೆಯಲ್ಲಿ ನೀವು ಸೇರಿಸಿರುವ ಸಾಲನ್ನು ಓದಿದ ಮೇಲೆ ಉತ್ತರಿಸದೆ ಇರಲಾಗಲಿಲ್ಲ. 2016ರ ಏಪ್ರಿಲ್‌ನಲ್ಲಿ, ತಂಗಿಯ ಮದುವೆಗೆ ಐದು ವಾರ ಬಾಕಿ ಇದ್ದಾಗ, ನಾನು ಪೇಂಟರಿಗೆ ಹೇಳಿದ ಮಾತೂ ಇದೇ ಆಗಿತ್ತು.

ನಮ್ಮದು ತೀರ್ಥಹಳ್ಳಿಯ ಕಡೆಯ ಮನೆ, ಅಜ್ಜ ಕಟ್ಟಿಸಿದ್ದು. ಜಂಬಿಟ್ಟಿಗೆ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಮಣ್ಣು, ಮೇಲೆ ಸುಣ್ಣದ ಗಾರೆ, ಮಂಗಳೂರು ಹಂಚು, ಕೆಂಪು ಗಾರೆಯ ನೆಲ, ಜಗಲಿಯಲ್ಲಿ ನಾಲ್ಕು ಮುಂಡಿಗೆ ಕಂಬ, ಎದುರಿಗೆ ಅಡಿಕೆ ಒಣಗಿಸುವ ಅಂಗಳ. ದೀಪಾವಳಿಗೆ ಮುಂಚೆ ಅಮ್ಮ ತಪ್ಪದೆ ಸುಣ್ಣ ಹೊಡೆಸುತ್ತಿದ್ದರು. ಗೋಡೆಗೆ ಒರಗಿದವರ ಅಂಗಿಯ ಬೆನ್ನಿಗೆ ಬಿಳಿ ಅಂಟುತ್ತಿತ್ತು. ಹತ್ತು ವರ್ಷ ಬೆಂಗಳೂರಿನ ಫ್ಲಾಟ್‌ಗಳಲ್ಲಿ ಕಳೆದಿದ್ದ ನನಗೆ ಅಂಥ ಮನೆಗೆ ಬೀಗರನ್ನು ಕರೆಯುವುದೇ ಅವಮಾನವೆನಿಸಿತು. ಅಮ್ಮ ಬೇಡವೆಂದರೂ ಕೇಳದೆ ಒಳಗೋಡೆಗಳಿಗೆಲ್ಲ ಎರಡು ಕೋಟ್ ಪುಟ್ಟಿ, ಒಂದು ಕೋಟ್ ಪ್ರೈಮರ್, ಅದರ ಮೇಲೆ ಎರಡು ಕೋಟ್ ತಿಳಿ ಕ್ರೀಮ್ ಬಣ್ಣದ ಪ್ಲಾಸ್ಟಿಕ್ ಎಮಲ್ಷನ್ ಬಳಿಸಿದೆ. ಜಗಲಿಯ ಗೋಡೆಗೆ ಟೆಕ್ಸ್ಚರ್. ಅಂಗಳದಲ್ಲಿ ಮನೆಗೆ ತಾಗಿದ ಹನ್ನೆರಡು ಅಡಿಗೆ ಇಂಟರ್‌ಲಾಕ್ ಕಲ್ಲು ಹಾಸಿಸಿ, ಸಂದುಗಳಿಗೆ ಸಿಮೆಂಟ್ ತುಂಬಿಸಿದೆ. ಒಟ್ಟು ಖರ್ಚು 1,80,000 ರೂಪಾಯಿ. ಮದುವೆಗೆ ಬಂದವರೆಲ್ಲ ಹೊಗಳಿದರು, ಫೋಟೋಗಳೂ ಚೆನ್ನಾಗಿಯೇ ಬಂದವು.

ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬದ ಹೊತ್ತಿಗೆ ಊರಿಗೆ ಹೋದಾಗ ಹಜಾರದಲ್ಲಿ ಬೂಷ್ಟಿನ ವಾಸನೆ ಮೂಗಿಗೆ ಹೊಡೆಯಿತು. ಸೋಫಾ ಸರಿಸಿದರೆ, ನೆಲದಿಂದ ಮೂರಡಿಯವರೆಗೆ ಗೋಡೆ ಒಲೆಯ ಮೇಲಿನ ರೊಟ್ಟಿಯಂತೆ ಅಲ್ಲಲ್ಲಿ ಉಬ್ಬಿತ್ತು. ಅಂಗೈಯಗಲದ ಒಂದು ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿದೆ. ಬಣ್ಣದ ಪದರ ಪಟ್ಟನೆ ಒಡೆದು, ಟೀ ಬಣ್ಣದ ನೀರು ಮಣಿಕಟ್ಟಿನವರೆಗೆ ಇಳಿಯಿತು. ಹಿಂದೆಯೇ ಬಿಳಿಯ ಉಪ್ಪಿನ ಪುಡಿ, ಅದರ ಹಿಂದೆ ಬೆರಳು ತಾಗಿಸಿದರೆ ಉದುರುವಷ್ಟು ಮೆತ್ತಗಾದ ಗಾರೆ. ಒಂದು ಅಂಚು ಹಿಡಿದು ಎಳೆದರೆ ಎರಡಡಿ ಉದ್ದದ ಬಣ್ಣ ಹಾವಿನ ಪೊರೆಯಂತೆ ಕಳಚಿ ಕೈಗೆ ಬಂತು.

ನಾನು ಮಾಡಿದ್ದೇನೆಂಬುದು ಅರ್ಥವಾಗಲು ಎರಡು ವರ್ಷ ಬೇಕಾಯಿತು. ಆದ್ದರಿಂದ ನಿಮಗೆ ಬೇಸರವಾದರೂ ಸರಿ, ಬಿಡಿಸಿಯೇ ಹೇಳುತ್ತೇನೆ. ಈಗಿನ ಕಟ್ಟಡಗಳಲ್ಲಿ ತಳಪಾಯಕ್ಕೂ ಗೋಡೆಗೂ ನಡುವೆ ನೀರು ಮೇಲೇರದಂತೆ ಒಂದು ಪದರ ಹಾಕುತ್ತಾರೆ, ಎಂಜಿನಿಯರುಗಳು ಅದನ್ನು ಡಿಪಿಸಿ ಎನ್ನುತ್ತಾರೆ. ನಮ್ಮ ಅಜ್ಜಂದಿರ ಕಾಲದ ಮನೆಗಳಿಗೆ ಅದಿಲ್ಲ. ಜಂಬಿಟ್ಟಿಗೆಯೋ ಮೈತುಂಬ ರಂಧ್ರಗಳಿರುವ ಕಲ್ಲು, ದೀಪದ ಬತ್ತಿ ಎಣ್ಣೆ ಹೀರುವಂತೆ ನೆಲದ ನೀರನ್ನು ಹೀರುತ್ತದೆ. ಹೀಗೆ ಮಳೆಗಾಲದುದ್ದಕ್ಕೂ ಗೋಡೆಯೊಳಗೆ ನೀರು ಏರುತ್ತಲೇ ಇರುತ್ತದೆ, ಇದು ಮನೆ ಕಟ್ಟಿದ ದಿನದಿಂದಲೂ ನಡೆದುಬಂದದ್ದು. ಸುಣ್ಣದ ಗಾರೆಯಲ್ಲಿಯೂ ಸುಣ್ಣದ ಬಣ್ಣದಲ್ಲಿಯೂ ಸೂಕ್ಷ್ಮ ರಂಧ್ರಗಳಿರುವುದರಿಂದ ಏರಿದ ನೀರು ಆವಿಯಾಗಿ ಎರಡೂ ಬದಿಯಿಂದ ಹೊರಗೆ ಹೋಗುತ್ತದೆ. ಉಪ್ಪು ಮೇಲ್ಮೈಯಲ್ಲಿ ಉಳಿದು, ಸುಣ್ಣದ ಜೊತೆ ಉದುರಿ, ಪೊರಕೆಯ ಪಾಲಾಗುತ್ತದೆ. ನನಗೆ ನಾಚಿಕೆ ತಂದಿದ್ದ ಆ ಉದುರುವಿಕೆಯಿಂದಲೇ ಗೋಡೆ ಉಳಿದುಬಂದಿತ್ತು. ಪ್ಲಾಸ್ಟಿಕ್ ಬಣ್ಣ ಒಣಗಿದಾಗ ಆವಿಯನ್ನು ತಡೆಯುವ ಒಂದು ಹಾಳೆಯಾಗುತ್ತದೆ. ನೀರು ಬರುವ ದಾರಿಯನ್ನು ಹಾಗೆಯೇ ಬಿಟ್ಟು ಹೋಗುವ ದಾರಿಯನ್ನು ಮಾತ್ರ ನಾನು ಮುಚ್ಚಿದೆ. ಉಪ್ಪು ಆ ಹಾಳೆಯ ಹಿಂದೆ ಹರಳುಗಟ್ಟಿ, ಬಣ್ಣದ ಜೊತೆಗೆ ಗಾರೆಯನ್ನೂ ಕಿತ್ತು ಹೊರಕ್ಕೆ ತಳ್ಳಿತು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಪೇಂಟ್ ಅಂಗಡಿಯವರ ಮಾತು ಕೇಳಿ 2017ರಲ್ಲಿ ಕೆಳಗಿನ ಮೂರಡಿ ಗಾರೆಯನ್ನು ಕೆತ್ತಿಸಿ ವಾಟರ್‌ಪ್ರೂಫ್ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ಆ ಮಳೆಗಾಲದಲ್ಲಿ ಕಲೆ ನಾಲ್ಕೂವರೆ ಅಡಿಯಲ್ಲಿ ಕಾಣಿಸಿಕೊಂಡಿತು. ಕೆಳಗೆ ಹೊರಬರಲಾಗದ ನೀರು ಸಿಮೆಂಟ್ ಮುಗಿಯುವ ತನಕ ಏರಿ, ಅಲ್ಲಿಂದ ಹೊರಬಂದಿತ್ತು. ಕೊನೆಗೆ ಅಮ್ಮ ಕರೆಸಿದ ಹಳೆಯ ಗಾರೆ ಕೆಲಸದವರು ಬೆರಳ ಗಣ್ಣಿನಿಂದ ಗೋಡೆಯನ್ನು ತಟ್ಟುತ್ತ, ಪೊಳ್ಳು ಸದ್ದು ಬಂದಲ್ಲೆಲ್ಲ ಇದ್ದಿಲಿನಿಂದ ಗುರುತು ಮಾಡಿ, "ಒದ್ದೆ ಬಟ್ಟೆಯನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟಿದ್ದೀರಲ್ಲ ಅಯ್ಯಾ" ಎಂದರು. ಅಮ್ಮ ಏನೂ ಹೇಳದೆ ಕಾಫಿ ತರಲು ಒಳಗೆ ಹೋದರು.

ಆದ್ದರಿಂದ ನಿಮ್ಮ ಎರಡು ಆಯ್ಕೆಗಳಲ್ಲಿ ಯಾವುದನ್ನೂ ನಾನು ಒಪ್ಪುವುದಿಲ್ಲ. ವಾಲ್‌ಪೇಪರ್ ಹಚ್ಚಿದರೆ ಒಂದೇ ಮಳೆಗಾಲಕ್ಕೆ ಏಳುತ್ತದೆ. ಪಿವಿಸಿ ಪ್ಯಾನೆಲ್ ಇನ್ನೂ ಅಪಾಯಕಾರಿ, ಏಕೆಂದರೆ ಅದರ ಹಿಂದೆ ಏನು ಕೊಳೆಯುತ್ತಿದೆ ಎಂಬುದು ವರ್ಷಗಟ್ಟಲೆ ತಿಳಿಯುವುದೇ ಇಲ್ಲ. ಮನೆಯ ಒಳಗನ್ನು ಚೆಂದ ಮಾಡುವ ಕೆಲಸ ಅಂಗಳದಿಂದ ಶುರುವಾಗಬೇಕು. ಮೊದಲು ಸೂರಿನ ನೀರು ಬೀಳುವ ಜಾಗವನ್ನು ನೋಡಿ. ಹಿಂದೆ ನಮ್ಮ ಅಂಗಳದ ಮಣ್ಣು ಹೊರಕ್ಕೆ ಇಳಿಜಾರಾಗಿತ್ತು; ನಾನು ಹಾಸಿಸಿದ ಇಂಟರ್‌ಲಾಕ್ ಮಟ್ಟಸವಾಗಿದ್ದುದರಿಂದ ನೀರು ಗೋಡೆಯ ಬುಡದಲ್ಲಿಯೇ ನಿಂತಿತ್ತು. ಗೋಡೆಯಿಂದ ಎರಡಡಿ ಅಗಲಕ್ಕೆ ಅದನ್ನು ತೆಗೆಸಿ, ಒಂದಡಿ ಆಳ ಅಗೆಸಿ, ಜಲ್ಲಿ ತುಂಬಿಸಿ, ಆ ನೀರು ತೋಟದ ಕಾಲುವೆಗೆ ಹೋಗುವಂತೆ ಮಾಡಿಸಿದೆ. ಕಲೆ ಇಳಿಯತೊಡಗಿದ್ದು ಆ ವರ್ಷದಿಂದ. ಉಳಿದ ಇಂಟರ್‌ಲಾಕ್ ಈಗಲೂ ಇದೆ. ಅದರ ಮೇಲೆ ಅಡಿಕೆ ಚೆನ್ನಾಗಿಯೇ ಒಣಗುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಹಾಗೆಯೇ, ಮಳೆಗಾಲಕ್ಕೆ ಜಗಲಿಗೆ ಕಟ್ಟುವ ಅಡಿಕೆ ಸೋಗೆಯ ತಟ್ಟಿಯನ್ನು ನೋಡಲು ಚೆಂದವಿಲ್ಲವೆಂದು ನಾನು ಬಿಡಿಸಿದ್ದೆ. ಗಾಳಿಗೆ ಒಳನುಗ್ಗುವ ಮಳೆಯ ಇರಿಚಲು ತಡೆಯಲು ಅದಕ್ಕಿಂತ ಒಳ್ಳೆಯ ಪರದೆ ಇನ್ನೂ ನನಗೆ ಸಿಕ್ಕಿಲ್ಲ.

ಗೋಡೆಗೆ ಸುಣ್ಣ ಹೊಡೆಯಿರಿ. ನಿಮ್ಮಲ್ಲಿ ಈಗಾಗಲೇ ಪ್ಲಾಸ್ಟಿಕ್ ಬಣ್ಣವಿದ್ದರೆ ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ, ಪೂರ್ತಿ ಕೆರೆಸಲೇಬೇಕು. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳನ್ನು ದೂರವಿಡಿ. ಕೆಲವು ದಿನ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳುವಾಗಿಸಿ, ಅಂಟಿಗೆ ಸ್ವಲ್ಪ ಗಂಜಿ ಬೆರೆಸಿ, ಗೋಡೆಯನ್ನು ನೀರಿನಿಂದ ತೋಯಿಸಿಕೊಂಡು ಮೂರು ಸಲ ಹೊಡೆಯಬೇಕು. ಹೊಡೆದಾಗ ಏನೂ ಕಾಣಿಸದು, ಒಣಗುತ್ತ ಬಂದಂತೆ ಬಿಳಿಯಾಗುತ್ತದೆ. ಮೊದಲ ಸಲ ನೋಡುವವರು ಗಾಬರಿಯಾಗಿ ದಪ್ಪ ಬಳಿಯುತ್ತಾರೆ, ಅದು ಹೊಪ್ಪಳಿಕೆಯಾಗಿ ಏಳುತ್ತದೆ. ಬಣ್ಣ ಬೇಕೆಂದರೆ ಕೆಮ್ಮಣ್ಣು ಅಥವಾ ಹಳದಿ ಮಣ್ಣನ್ನು ಬೆರೆಸಬಹುದು. ಹೊರಗೋಡೆಯ ಕೆಳಗಿನ ಎರಡಡಿಗೆ ಕೆಮ್ಮಣ್ಣಿನ ಪಟ್ಟಿ ಬಳಿಸಿದರೆ ಮಳೆಯಲ್ಲಿ ಸಿಡಿಯುವ ಕೆಸರು ಎದ್ದು ಕಾಣುವುದಿಲ್ಲ.

ಉಳಿಯುವ ಹಣಕ್ಕೆ ನನ್ನ ಮೊದಲ ಶಿಫಾರಸು ಗಾಜಿನ ಹಂಚು. ಹಜಾರದ ಮೇಲೆ ನಾಲ್ಕು ಮಣ್ಣಿನ ಹಂಚುಗಳನ್ನು ತೆಗೆದು ಗಾಜಿನವನ್ನು ಹಾಕಿಸಿದೆವು. ಯಾವ ಬಣ್ಣದಿಂದಲೂ ಆಗದಷ್ಟು ಕೋಣೆ ಬದಲಾಯಿತು. ಎಲ್ಲ ಕಾರ್ಖಾನೆಯ ಹಂಚಿನ ಅಚ್ಚೂ ಒಂದೇ ಅಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದುಹೋಗಿವೆ, ಆದ್ದರಿಂದ ನಿಮ್ಮ ಮನೆಯ ಒಂದು ಹಂಚನ್ನು ಅಂಗಡಿಗೆ ಒಯ್ದು ಅಂಚಿನ ಗಾಡಿ (ಕೊರೆದ ಗೆರೆ) ಒಂದಕ್ಕೊಂದು ಕೂಡುತ್ತದೆಯೇ ಎಂದು ನೋಡಿಯೇ ಕೊಳ್ಳಿ. ನೆಲಕ್ಕೆ ಟೈಲ್ಸ್ ಬೇಡ. ಕೆಂಪು ನೆಲವನ್ನು ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ತಿಕ್ಕಿದರೆ ಸಾಕು. ಜಗಲಿಗೆ ಹಸೆ ಚಿತ್ತಾರದ ಸ್ಟಿಕ್ಕರ್ ಅಂಟಿಸುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಅದು ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವಂಥದ್ದು. ಸಾಗರದ ಕಡೆ ಬರೆಯುವವರು ಈಗಲೂ ಇದ್ದಾರೆ, ಮದುವೆ ಮನೆಯೆಂದರೆ ಅವರನ್ನೇ ಕರೆಯಬಹುದು.

ಇದನ್ನೆಲ್ಲ ಜನವರಿಯಲ್ಲಿ ಶುರು ಮಾಡಿದರೆ ಏಪ್ರಿಲ್ ಕೊನೆಯ ನಿಮ್ಮ ಮದುವೆಗೆ ಮುಗಿಯುತ್ತದೆ. ಗಾರೆ ಕೆರೆದ ಮೇಲೆ ಗೋಡೆ ಕನಿಷ್ಠ ಆರು ವಾರ ಬರಿಮೈಯಲ್ಲಿ ಒಣಗಬೇಕು. ನಮ್ಮ ನಡುಮನೆಯಲ್ಲಿ ದೊಡ್ಡ ಬೀರುವನ್ನು ಸರಿಸಲಾಗದೆ ಅದರ ಹಿಂದಿನ ಕ್ರೀಮ್ ಬಣ್ಣ ಹಾಗೆಯೇ ಉಳಿದುಬಿಟ್ಟಿದೆ. ಪ್ರತಿ ಆಷಾಢದಲ್ಲಿ ಅಲ್ಲೊಂದು ಉಬ್ಬು ಏಳುತ್ತದೆ, ಅಮ್ಮ ಫೋನ್ ಮಾಡಿದಾಗ ಅದರ ಗಾತ್ರವನ್ನು ತಪ್ಪದೆ ಹೇಳುತ್ತಾರೆ.