ಕಾರ್ಡ್ ಆರಿಸುವ ಮೊದಲು ಕ್ಯಾಬಿನೆಟ್ ತೆರೆದು ನೋಡಿ

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ನಮ್ಮ ಮನೆಯ ಕಂಪ್ಯೂಟರ್ 2018ರಲ್ಲಿ ಜೋಡಿಸಿದ್ದು. ಇಂಟೆಲ್ ಕೋರ್ ಐ5-8400 ಪ್ರೊಸೆಸರ್, ಬಿ360 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಕ್ಯಾಬಿನೆಟ್ ಜೊತೆಗೇ ಬಂದ 450 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ), 1080ಪಿ ಮಾನಿಟರ್ ಇವೆ. ಇದರಲ್ಲಿರುವ 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಈಚೆಗೆ ಆಟ ಶುರುವಾದ ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಬಣ್ಣದ ಚೌಕಗಳನ್ನು ತೋರಿಸಿ ನಿಂತುಬಿಡುತ್ತದೆ. ಎಲ್ಲ ಸೇರಿ 25,000 ರೂಪಾಯಿ ಖರ್ಚು ಮಾಡಬಲ್ಲೆ. ಯಾವ ಕಾರ್ಡ್ ಕೊಳ್ಳಲಿ?
– ಓದುಗರು, ಕಲಬುರಗಿ

ಉತ್ತರ: ಹಣ ಖರ್ಚು ಮಾಡುವ ಮೊದಲು ಕೆಟ್ಟಿರುವುದು ಕಾರ್ಡೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಿಮ್ಮ ಪ್ರೊಸೆಸರ್ ಒಳಗೇ ಯುಎಚ್‌ಡಿ 630 ಎಂಬ ಗ್ರಾಫಿಕ್ಸ್ ಘಟಕವಿದೆ. ಕಾರ್ಡನ್ನು ತೆಗೆದಿಟ್ಟು, ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿ ಒಂದೆರಡು ದಿನ ಬಳಸಿ ನೋಡಿ. ಬಣ್ಣದ ಚೌಕಗಳು ಕಾಣಿಸದಿದ್ದರೆ ದೋಷ ಬಹುಮಟ್ಟಿಗೆ ಕಾರ್ಡಿನಲ್ಲೇ, ಅದರಲ್ಲೂ ಅದರ ಮೆಮೊರಿ ಚಿಪ್‌ಗಳಲ್ಲಿ ಇರುತ್ತದೆ. ಚಿತ್ರ ಕೆಡದೆ ಆಟದ ನಡುವೆ ಕಂಪ್ಯೂಟರೇ ಆಫ್ ಆಗಿ ಮತ್ತೆ ಶುರುವಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಎಸ್‌ಎಂಪಿಎಸ್ ಅನ್ನು. ಕಾರ್ಡಿಗೆ ಬಿಸಿಗಾಳಿ ಹಾಯಿಸಿ ಸರಿಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ; ಆ ರಿಪೇರಿ ಸಾಮಾನ್ಯವಾಗಿ ಬಹಳ ದಿನ ಬಾಳುವುದಿಲ್ಲವಾದ್ದರಿಂದ ಅದಕ್ಕೆ ಹಣ ಹಾಕಬೇಡಿ.

ಈಗ ಎಸ್‌ಎಂಪಿಎಸ್ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ. ಕ್ಯಾಬಿನೆಟ್ ಜೊತೆಗೆ ಬರುವ ಎಸ್‌ಎಂಪಿಎಸ್‌ಗಳ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆದರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಬೇಕಾದದ್ದು 12 ವೋಲ್ಟ್ ಸಾಲಿನ ಶಕ್ತಿ. ಕ್ಯಾಬಿನೆಟ್ ತೆರೆದು, ಎಸ್‌ಎಂಪಿಎಸ್ ಬದಿಯ ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದಿದೆಯೋ ಅದನ್ನು 12ರಿಂದ ಗುಣಿಸಿ. ಅಲ್ಲಿ 18 ಆಂಪಿಯರ್ ಎಂದಿದ್ದರೆ ನಿಮಗೆ ನಿಜವಾಗಿ ಸಿಗುವುದು 216 ವ್ಯಾಟ್ ಮಾತ್ರ, ಅದೂ ಚೀಟಿಯ ಮಾತು ನಿಜವಾಗಿದ್ದರೆ. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ 6 ಪಿನ್ನಿನ ಅಥವಾ 8 ಪಿನ್ನಿನ ತಂತಿ ಬೇಕು. ಮೊದಲನೆಯದು 75, ಎರಡನೆಯದು 150 ವ್ಯಾಟ್ ಒದಗಿಸುತ್ತದೆ. ಆ ತಂತಿ ಇಲ್ಲದಿದ್ದಾಗ ಅಂಗಡಿಯವರು ಹಾರ್ಡ್ ಡಿಸ್ಕಿನ ಸಾಟಾ ಕನೆಕ್ಟರಿನಿಂದ 8 ಪಿನ್ನಿಗೆ ಬದಲಿಸುವ ಅಗ್ಗದ ತಂತಿಯನ್ನು ಕೊಡುವುದುಂಟು. ದಯವಿಟ್ಟು ಅದನ್ನು ಬಳಸಲೇಬೇಡಿ. ಸಾಟಾ ಕನೆಕ್ಟರಿನ 12 ವೋಲ್ಟ್ ಭಾಗವನ್ನು 54 ವ್ಯಾಟಿಗಷ್ಟೇ ರೂಪಿಸಲಾಗಿದೆ. ಅದರ ಮೂಲಕ ಎರಡು ಪಟ್ಟು ವಿದ್ಯುತ್ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು.

ಆದ್ದರಿಂದ 25,000 ರೂಪಾಯಿಯಲ್ಲಿ ಹೆಸರಾಂತ ಕಂಪನಿಯ, 80 ಪ್ಲಸ್ ಬ್ರಾಂಜ್ ಎಂಬ ವಿದ್ಯುತ್ ದಕ್ಷತೆಯ ಗುರುತಿನ 500 ಅಥವಾ 550 ವ್ಯಾಟ್ ಎಸ್‌ಎಂಪಿಎಸ್‌ಗೆ ಬೇಕಾದ ಹಣವನ್ನು ಮೊದಲೇ ತೆಗೆದಿಡಿ, ಉಳಿದದ್ದರಲ್ಲಿ ಕಾರ್ಡ್ ಹುಡುಕಿ. ನಿಮಗೆ ನನ್ನ ಮೊದಲ ಸಲಹೆ ಎಎಂಡಿಯ ಆರ್‌ಎಕ್ಸ್ 6600. 2021ರ ಅಕ್ಟೋಬರಿನಲ್ಲಿ ಬಂದ ಈ ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಇದೆ, ವಿದ್ಯುತ್ ಬಳಕೆ 132 ವ್ಯಾಟ್, ಒಂದೇ ಒಂದು 8 ಪಿನ್ ತಂತಿ ಸಾಕು. ಇದು ಸ್ಲಾಟಿನ ಎಂಟು ಲೇನ್‌ಗಳನ್ನು (ದತ್ತಾಂಶ ಹರಿಯುವ ದಾರಿಗಳನ್ನು) ಮಾತ್ರ ಬಳಸುತ್ತದೆ. ನಿಮ್ಮ ಬೋರ್ಡಿನ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್‌ನ ಹಳೆಯ 3.0 ಪೀಳಿಗೆಯದಾದರೂ ಅದರಿಂದಾಗುವ ನಷ್ಟ ಅಲ್ಪ. 1080ಪಿ ಪರದೆಯಲ್ಲಿ ಹೆಚ್ಚಿನ ಆಟಗಳನ್ನು ಇದು ಸರಾಗವಾಗಿ ನಡೆಸುತ್ತದೆ. ಇದಕ್ಕಿಂತ ಬಹಳ ಮೇಲಿನ ಕಾರ್ಡ್ ಹಾಕಿದರೆ ಆರು ಕೋರ್‌ಗಳ ನಿಮ್ಮ ಪ್ರೊಸೆಸರ್ ಅದಕ್ಕೆ ಸರಿಸಮವಾಗಿ ಓಡಲಾರದೆ ಕೊಟ್ಟ ಹಣದ ಒಂದು ಭಾಗ ವ್ಯರ್ಥವಾಗುತ್ತದೆ. ಎಎಂಡಿ ಈ ಪೀಳಿಗೆಯ ಕಾರ್ಡುಗಳ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶವನ್ನು) 2025ರ ಕೊನೆಯಲ್ಲಿ ಪ್ರತ್ಯೇಕ ಶಾಖೆಗೆ ಸರಿಸಿತು. ಬಳಕೆದಾರರ ಆಕ್ಷೇಪದ ನಂತರ ಹೊಸ ಆಟಗಳಿಗೆ ಬೆಂಬಲ ಮುಂದುವರಿಯುತ್ತದೆ ಎಂದು ಸ್ಪಷ್ಟಪಡಿಸಿತು. ಇದನ್ನು ತಿಳಿದೇ ಕೊಳ್ಳಿ. ನನ್ನ ಮಟ್ಟಿಗೆ ಇದು ಆಯ್ಕೆಯನ್ನು ಬದಲಿಸುವಷ್ಟು ದೊಡ್ಡ ಕಾರಣವಲ್ಲ.

ಎಸ್‌ಎಂಪಿಎಸ್ ಬದಲಿಸಲು ಸಾಧ್ಯವೇ ಇಲ್ಲವಾದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ ಉಳಿಯುತ್ತದೆ. ಅದು 70 ವ್ಯಾಟಿನದು, ಬೇರೆ ತಂತಿ ಕೇಳುವುದಿಲ್ಲ. ಆದರೆ ಇಲ್ಲೊಂದು ಎಚ್ಚರ ಬೇಕು. 2022ರ ಜನವರಿಯಲ್ಲಿ ಬಂದ 8 ಜಿಬಿ ಕಾರ್ಡಿಗೂ 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿ ಕಾರ್ಡಿಗೂ ಕಂಪನಿ ಇಟ್ಟಿರುವುದು ಒಂದೇ ಹೆಸರು. ವ್ಯತ್ಯಾಸ ಮೆಮೊರಿಯದು ಮಾತ್ರವಲ್ಲ: ಮೊದಲನೆಯದರಲ್ಲಿ 2,560 ಕೋರ್‌ಗಳೂ 128 ಬಿಟ್ ಮೆಮೊರಿ ಮಾರ್ಗವೂ ಇದ್ದರೆ, ಎರಡನೆಯದರಲ್ಲಿ 2,304 ಕೋರ್‌ಗಳು, 96 ಬಿಟ್ ಮಾರ್ಗ. ಬಿಲ್ಲಿನ ಮೇಲೆ ಎಷ್ಟು ಜಿಬಿ ಎಂಬುದನ್ನು ಬರೆಸಿಕೊಳ್ಳದೆ ಹಣ ಕೊಡಬೇಡಿ. ಗ್ರಾಹಕರನ್ನು ಹೀಗೆ ಗೊಂದಲಕ್ಕೆ ದೂಡುವುದು ಸರಿಯಲ್ಲ ಎಂದು ಕಂಪನಿಗಳಿಗೆ ಯಾರಾದರೂ ಹೇಳುತ್ತಲೇ ಇರಬೇಕು.

ನಿಮ್ಮ ಕಂಪ್ಯೂಟರಿಗೆ ಬೇಡವಾದ ಎರಡು ಕಾರ್ಡುಗಳನ್ನೂ ಹೇಳಿಬಿಡುತ್ತೇನೆ. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ಸಾಮಾನ್ಯವಾಗಿ ಇರುವುದು 4 ಜಿಬಿ ಮೆಮೊರಿ, ಅದು ಬಳಸುವುದು ನಾಲ್ಕೇ ಲೇನ್. ಮೆಮೊರಿ ತುಂಬಿ ದತ್ತಾಂಶ ಸ್ಲಾಟಿನ ಮೂಲಕ ಓಡಾಡತೊಡಗಿದರೆ ನಿಮ್ಮ 3.0 ಬೋರ್ಡಿನಲ್ಲಿ ಅದು ಬಹಳ ಸೊರಗುತ್ತದೆ. ಇಂಟೆಲ್‌ನ ಆರ್ಕ್ ಬಿ580 ಒಳ್ಳೆಯ ಕಾರ್ಡ್, 12 ಜಿಬಿಯದು. ಆದರೆ ಅದಕ್ಕೆ ರೀಸೈಜಬಲ್ ಬಾರ್ ಎಂಬ, ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ ಅಗತ್ಯ, ಇಂಟೆಲ್ ಅದಕ್ಕಾಗಿ ಸೂಚಿಸುವುದು ಹತ್ತನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರನ್ನು. ನಿಮ್ಮದು ಎಂಟನೆಯ ಪೀಳಿಗೆಯದು.

ಓದಿನ ಭಾಗವಾಗಿ ಮಷೀನ್ ಲರ್ನಿಂಗ್ ಅಥವಾ ಬ್ಲೆಂಡರ್ ಎಂಬ 3ಡಿ ಚಿತ್ರರಚನೆಯ ತಂತ್ರಾಂಶ ಕಲಿಯುವ ಯೋಚನೆ ಇದ್ದರೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ. ಆ ಕೆಲಸಗಳ ತಂತ್ರಾಂಶ ಹೆಚ್ಚಾಗಿ ಎನ್‌ವಿಡಿಯಾದ ‘ಕೂಡಾ’ (CUDA) ಎಂಬ ವ್ಯವಸ್ಥೆಯನ್ನು ನೆಚ್ಚಿಕೊಂಡಿರುವುದರಿಂದ, ಆಟದಲ್ಲಿ ತುಸು ಹಿಂದೆ ಬಿದ್ದರೂ 3050ರ 8 ಜಿಬಿ ಆವೃತ್ತಿಯೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇನ್ನು ನಿಮ್ಮ ಊರಿನ ಏಪ್ರಿಲ್-ಮೇ ತಿಂಗಳ ಬಿಸಿಲನ್ನು ಮರೆಯುವಂತಿಲ್ಲ. ಹೊರಗೆ 40 ಡಿಗ್ರಿ ದಾಟಿದಾಗ ಮುಚ್ಚಿದ ಕ್ಯಾಬಿನೆಟ್ ಒಳಗೆ ಕಾರ್ಡಿನ ಫ್ಯಾನ್ ತಿರುಗಿಸುವುದು ಬಿಸಿಗಾಳಿಯನ್ನೇ. ಆದ್ದರಿಂದ ಎರಡು ಫ್ಯಾನಿನ ಮಾದರಿಯನ್ನೇ ತೆಗೆದುಕೊಳ್ಳಿ, ಅದಕ್ಕೆ ಕ್ಯಾಬಿನೆಟ್ಟಿನಲ್ಲಿ ಜಾಗವಿದೆಯೇ ಎಂದು ಮೊದಲೇ ಅಳೆದು ನೋಡಿ, ಮುಂಭಾಗದಲ್ಲಿ ಒಂದು ಫ್ಯಾನ್ ಹಾಕಿಸಿ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಆರ್‌ಎಕ್ಸ್ 580, ಜಿಟಿಎಕ್ಸ್ 1660 ಸೂಪರ್ ಕಾರ್ಡುಗಳು ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿವೆ. ಇವೆಲ್ಲ ಕ್ರಿಪ್ಟೊ ಹಣದ ಮೈನಿಂಗಿಗೆ (ಕಂಪ್ಯೂಟರ್ ಲೆಕ್ಕಾಚಾರದಿಂದ ಅದನ್ನು ಗಳಿಸುವುದಕ್ಕೆ) ಬಳಸಿದವು ಎಂದು ಗೆಳೆಯರು ಹೆದರಿಸುತ್ತಾರೆ. ಕೊಳ್ಳಬಹುದೇ?
– ಓದುಗರು, ತುಮಕೂರು

ಉತ್ತರ: 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೊ ಹಣದ ಜಾಲ ತನ್ನ ವ್ಯವಸ್ಥೆಯನ್ನು ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡುಗಳಿಂದ ಅದನ್ನು ಮೈನ್ ಮಾಡುವುದು ನಿಂತುಹೋಯಿತು, ಆಗ ಅಪಾರ ಸಂಖ್ಯೆಯ ಕಾರ್ಡುಗಳು ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಮೈನಿಂಗಿನಲ್ಲಿ ದುಡಿದ ಕಾರ್ಡೆಲ್ಲ ಹಾಳಾಗಿರುತ್ತದೆ ಎನ್ನಲಾಗದು. ಸಾಮಾನ್ಯವಾಗಿ ಸವೆದಿರುವುದು ಫ್ಯಾನ್ ಮತ್ತು ಚಿಪ್‌ಗಳ ಶಾಖ ಸಾಗಿಸುವ ಥರ್ಮಲ್ ಪ್ಯಾಡ್; ಅವನ್ನು ಬದಲಿಸಬಹುದು.

ನನ್ನ ಆಕ್ಷೇಪ ಬೇರೆಯದು. ಈ ಎರಡೂ ಕಾರ್ಡುಗಳಲ್ಲಿ ಹಾರ್ಡ್‌ವೇರ್ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ಸೌಲಭ್ಯ) ಇಲ್ಲ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟವೂ 2025ರ ಮೇ ತಿಂಗಳಲ್ಲಿ ಬಂದ ಡೂಮ್ ಸರಣಿಯ ಹೊಸ ಆಟವೂ ಆ ಸೌಲಭ್ಯವನ್ನು ಕನಿಷ್ಠ ಅಗತ್ಯವಾಗಿ ಕೇಳುತ್ತವೆ, ಅಂಥವು ಇನ್ನೂ ಬರುತ್ತವೆ. ವ್ಯಾಲರಂಟ್, ಜಿಟಿಎ 5ರಂಥ ಆಟಗಳಷ್ಟೇ ಸಾಕೆನ್ನುವವರಿಗೆ 1660 ಸೂಪರ್ ಈಗಲೂ ಒಳ್ಳೆಯ ಕಾರ್ಡ್. ಆರ್‌ಎಕ್ಸ್ 580 ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ: ಅದು 185 ವ್ಯಾಟ್ ನುಂಗುತ್ತದೆ, ಮೇಲಾಗಿ ಅದೇ ಹೆಸರಿನ ‘2048 ಎಸ್‌ಪಿ’ ಮಾದರಿ ನಿಜದಲ್ಲಿ ಆರ್‌ಎಕ್ಸ್ 570ರಷ್ಟೇ ಕೋರ್‌ಗಳಿರುವ ಕಾರ್ಡ್. ಇನ್ನೂ ಹಿಂದಿನ ಜಿಟಿಎಕ್ಸ್ 10 ಸರಣಿಯತ್ತ ಹೋಗಲೇಬೇಡಿ. ಹೊಸ ಆಟಗಳಿಗೆ ಹೊಂದಿಸಿದ ಡ್ರೈವರುಗಳನ್ನು ಎನ್‌ವಿಡಿಯಾ ಅದಕ್ಕೆ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿದೆ.

ಕೊಳ್ಳುವುದೇ ಆದರೆ ಅಂಗಡಿಯಲ್ಲೇ ಕಾರ್ಡನ್ನು ಕಂಪ್ಯೂಟರಿಗೆ ಹಾಕಿಸಿ, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ಬಹಳ ಹಳೆಯ ಚಿಪ್‌ನ ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ತಿದ್ದಿ ಹೊಸ ಹೆಸರು ಕೊಟ್ಟ ನಕಲಿ ಕಾರ್ಡುಗಳನ್ನು ಅದು ಹಲವು ಸಲ ಹಿಡಿದುಕೊಡುತ್ತದೆ. ಬಳಿಕ ಕಾರ್ಡಿಗೆ ಪೂರ್ಣ ಹೊರೆ ಹಾಕಿ ಪರೀಕ್ಷಿಸುವ ಫರ್‌ಮಾರ್ಕನ್ನು ಹದಿನೈದು ನಿಮಿಷ ಓಡಿಸಿ, ಫ್ಯಾನಿನ ಸದ್ದು ಕೇಳಿ, ಎಲ್ಲ ಪೋರ್ಟುಗಳಿಗೂ ಕೇಬಲ್ ಸಿಕ್ಕಿಸಿ ನೋಡಿ. ಇಷ್ಟಕ್ಕೆ ಒಪ್ಪದ ಅಂಗಡಿಯಿಂದ ಸುಮ್ಮನೆ ಹೊರಟುಬಿಡಿ.

ಪ್ರಶ್ನೆ: ನನ್ನ ಹಳೆಯ ಮಾನಿಟರಿನಲ್ಲಿ ವಿಜಿಎ ಪೋರ್ಟ್ ಮಾತ್ರ ಇದೆ. ಹೊಸ ಕಾರ್ಡ್ ಹಾಕಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಹಾಕಬಹುದು. ಈಗ ಆಟಕ್ಕೆಂದು ಬರುವ ಕಾರ್ಡುಗಳಲ್ಲಿ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್ ಮಾತ್ರ ಇರುವುದರಿಂದ ಬರಿಯ ಕೇಬಲ್ ಸಾಲದು; ಒಳಗೆ ಚಿಪ್ ಇರುವ ಪರಿವರ್ತಕ ಬೇಕು, ಅದನ್ನು ‘ಆಕ್ಟಿವ್ ಕನ್ವರ್ಟರ್’ ಎಂದು ಕೇಳಿ ಪಡೆಯಿರಿ. ಮಾನಿಟರಿನ ರೆಸಲ್ಯೂಶನ್ 1366×768 ಆಗಿದ್ದರೆ ಕಾರ್ಡಿನ ಬಜೆಟ್ಟನ್ನು ಸ್ವಲ್ಪ ಇಳಿಸಿ, ಉಳಿದ ಹಣದಲ್ಲಿ 1080ಪಿ ಮಾನಿಟರ್ ಕೊಳ್ಳುವುದು ಹೆಚ್ಚು ಲಾಭಕರ.