ಓದುಗರ ಪ್ರಶ್ನೆ: ಕೆನಡಾದ ಹಾಡು ಎಂದರೆ ಯಾವುದು?

ಪ್ರಶ್ನೆ: ಎರಡನೇ ಮಹಾಯುದ್ಧದ ನಂತರ ಕೆನಡಾದವರು ಅಮೆರಿಕದ ಪ್ರಭಾವವನ್ನು ವಿರೋಧಿಸಿದರು ಎನ್ನುತ್ತಾರೆ. ಆದರೆ ಅಲ್ಲಿನ ಜನ ಓದುತ್ತಿದ್ದದ್ದು, ಕೇಳುತ್ತಿದ್ದದ್ದು ಬಹುಪಾಲು ಅಮೆರಿಕದ್ದೇ ಅಲ್ಲವೇ?

ಉತ್ತರ: ಎರಡೂ ನಿಜ. ಅಮೆರಿಕದ ಹಾಡು, ಪತ್ರಿಕೆ ಜನರಿಗೆ ಇಷ್ಟವೇ ಇತ್ತು. ತಮ್ಮವರು ಬರೆದದ್ದಕ್ಕೆ, ಹಾಡಿದ್ದಕ್ಕೆ ಜಾಗವೇ ಉಳಿಯುತ್ತಿಲ್ಲ ಎಂಬುದು ಕೊರಗು. ಕಲೆ, ಸಂಸ್ಕೃತಿಯ ಸ್ಥಿತಿಗತಿ ನೋಡಲು ಕೆನಡಾ ಸರ್ಕಾರ ನೇಮಿಸಿದ್ದ ಮ್ಯಾಸಿ ಆಯೋಗದ 1951ರ ವರದಿ ಇದನ್ನೇ ಹೇಳಿತು. ಅದರ ಸಲಹೆಯಂತೆ 1957ರಲ್ಲಿ ಕಲಾವಿದರಿಗೆ ಹಣ ಕೊಡುವ ಕೆನಡಾ ಕೌನ್ಸಿಲ್ ಹುಟ್ಟಿತು.

ಪತ್ರಿಕೆಗಳದ್ದು ಜಾಹೀರಾತಿನ ಲೆಕ್ಕಾಚಾರ. ಅಮೆರಿಕದ ವಾರಪತ್ರಿಕೆ ‘ಟೈಮ್’ಗೆ ಲೇಖನಗಳ ಖರ್ಚು ಅಮೆರಿಕದ ಮಾರಾಟದಲ್ಲೇ ವಾಪಸ್ ಬರುತ್ತಿತ್ತು. ಅವನ್ನೇ ಕೆನಡಾ ಆವೃತ್ತಿಗೆ ಹಾಕಿ ಅಲ್ಲಿನ ಜಾಹೀರಾತು ಬಾಚಿಕೊಂಡರೆ ಸ್ಥಳೀಯ ಪತ್ರಿಕೆ ಪೈಪೋಟಿ ಕೊಡುವುದು ಹೇಗೆ? ವಿದೇಶಿ ಪತ್ರಿಕೆಗೆ ಕೊಟ್ಟ ಜಾಹೀರಾತಿನ ಹಣವನ್ನು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂದು 1965ರಲ್ಲಿ ನಿಯಮ ಬಂತು. ಆದರೆ ‘ಟೈಮ್’ ಮತ್ತು ‘ರೀಡರ್ಸ್ ಡೈಜೆಸ್ಟ್’ಗೆ ವಿನಾಯಿತಿ ಕೊಟ್ಟರು! ದೊಡ್ಡ ಮೀನುಗಳೇ ತಪ್ಪಿಸಿಕೊಂಡ ಮೇಲೆ ಬಲೆ ಬೀಸಿ ಏನು ಬಂತು? ಆ ತಪ್ಪು ಸರಿಹೋಗಿದ್ದು 1976ರಲ್ಲಿ.

ಪ್ರಶ್ನೆ: ರೇಡಿಯೊದಲ್ಲಿ ಒಂದು ಹಾಡು ‘ಕೆನಡಾದ್ದು’ ಎಂದು ತೀರ್ಮಾನಿಸುತ್ತಿದ್ದದ್ದು ಹೇಗೆ?

ಉತ್ತರ: 1971ರ ಜನವರಿಯಿಂದ ಎಎಂ ಕೇಂದ್ರಗಳು ಬೆಳಿಗ್ಗೆ 6ರಿಂದ ಮಧ್ಯರಾತ್ರಿಯೊಳಗೆ ಹಾಕುವ ಹಾಡುಗಳಲ್ಲಿ 30% ಕೆನಡಾದ್ದಾಗಿರಬೇಕಿತ್ತು. ಅಳೆಯುವ ಕೋಲು ‘ಮೇಪಲ್’ ಪದ್ಧತಿ. ಸಂಗೀತ ಸಂಯೋಜನೆ, ಗಾಯಕ, ಧ್ವನಿಮುದ್ರಣದ ಜಾಗ, ಸಾಹಿತ್ಯ, ಈ ನಾಲ್ಕರಲ್ಲಿ ಎರಡು ಕೆನಡಾದ್ದಾದರೆ ಸಾಕು. ಗಾಯಕ ಅಮೆರಿಕದವನಾದರೂ ಚಿಂತೆಯಿಲ್ಲ, ರಾಗ ಮತ್ತು ಸಾಹಿತ್ಯ ಕೆನಡಾದವರದ್ದಾದರೆ ಹಾಡು ಪಾಸು.

ಕೇಂದ್ರಗಳು ಇದಕ್ಕೂ ಕಳ್ಳದಾರಿ ಹುಡುಕಿದವು. ಕೇಳುಗರು ಕಡಿಮೆಯಿರುವ ಮುಂಜಾವು, ತಡರಾತ್ರಿಗೆ ಕೆನಡಾದ ಹಾಡುಗಳನ್ನೆಲ್ಲ ತುರುಕಿ ಲೆಕ್ಕ ಒಪ್ಪಿಸಿದವು. ಅದಕ್ಕೆ ಕೆನಡಾದ ರಾಷ್ಟ್ರೀಯ ಪ್ರಾಣಿ ಬೀವರ್‌ನ ಹೆಸರಲ್ಲಿ ‘ಬೀವರ್ ಅವರ್ಸ್’ ಎಂಬ ಅಡ್ಡಹೆಸರೇ ಬಿತ್ತು. ಹಾಗಿದ್ದರೂ ಈ ನಿಯಮ ಬೇಕಿತ್ತು. ಹಾಡು ಪ್ರಸಾರವಾಗುತ್ತದೆಂಬ ಭರವಸೆ ಇಲ್ಲದಿದ್ದರೆ ಕೆನಡಾದಲ್ಲಿ ಸ್ಟುಡಿಯೊ ಕಟ್ಟಲು ಹಣ ಹಾಕುವವರಾರು?

ನಿಜವಾದ ಎಡವಟ್ಟು ಬಯಲಾದದ್ದು 1991ರಲ್ಲಿ. ಬ್ರಯಾನ್ ಆಡಮ್ಸ್ ಅಪ್ಪಟ ಕೆನಡಾದ ಗಾಯಕ. ಆದರೆ ಆ ವರ್ಷದ ಆಲ್ಬಂನ ರಾಗ, ಸಾಹಿತ್ಯ ಎರಡರಲ್ಲೂ ವಿದೇಶಿ ಸಹಲೇಖಕರ ಪಾಲಿತ್ತು. ಅರ್ಧ ಪಾಲಿಗೆ ಅಂಕವಿರಲಿಲ್ಲ. ಗಾಯಕನದೊಂದೇ ಅಂಕ ಸಿಕ್ಕಿ ಹಾಡುಗಳು ‘ಕೆನಡಾದವಲ್ಲ’ ಎನಿಸಿಕೊಂಡವು. ಗಲಾಟೆಯಾದ ಮೇಲೆ, ಇಂಥ ಜಂಟಿ ರಚನೆಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವಂತೆ ನಿಯಮ ತಿದ್ದಿದರು.